‘ಆಲಿವರ್ ದಿ ಎಯ್ತ್’ಗೆ ಕನ್ನಡ ಸಬ್‌ಟೈಟಲ್: ಕೆಲಸ ಎಲ್ಲಿಗೆ ಬಂತು

ಇದು 1934ರ ಚಿತ್ರ. ಹಾಲ್ ರೋಚ್ ಸ್ಟುಡಿಯೋದ್ದು, ಸ್ಟಾನ್ ಲಾರೆಲ್-ಆಲಿವರ್ ಹಾರ್ಡಿ ಹಾಸ್ಯಜೋಡಿಯದು, ಮೂರು ರೀಲು, ಸುಮಾರು 27 ನಿಮಿಷ. ನಿರ್ದೇಶಕ ಲಾಯ್ಡ್ ಫ್ರೆಂಚ್. ಸಿರಿವಂತ ವಿಧವೆಯೊಬ್ಬಳು ವರ ಬೇಕೆಂದು ಜಾಹೀರಾತು ಕೊಡುತ್ತಾಳೆ. ಕ್ಷೌರದಂಗಡಿಯ ಪಾಲುದಾರರಿಬ್ಬರೂ ಅರ್ಜಿ ಬರೆಯುತ್ತಾರೆ, ಹಾರ್ಡಿ ಗೆಳೆಯನ ಕಾಗದವನ್ನು ಅಂಚೆಗೆ ಹಾಕದೆ ಬಚ್ಚಿಡುತ್ತಾನೆ. ಗಂಟಿನ ಆಸೆಗೆ ಬ್ರಹ್ಮಗಂಟು ಹಾಕಿಕೊಳ್ಳಲು ಹೊರಟವನಿಗೆ ಬಂಗಲೆಗೆ ಹೋದ ಮೇಲೆ ಗೊತ್ತಾಗುವುದು: ಹಿಂದೆ ಆಲಿವರ್ ಎಂಬುವನೊಬ್ಬ ಕೈಕೊಟ್ಟ ಸಿಟ್ಟಿಗೆ ಆಕೆ ಅದೇ ಹೆಸರಿನ ಏಳು ಮಂದಿಯ ಕತ್ತು ಕೊಯ್ದಿದ್ದಾಳೆ. ವಿಧವೆಯಾಗಿ ಮೇ ಬುಷ್, ಬಟ್ಲರ್ ಜಿಟರ್ಸ್ ಆಗಿ ಜ್ಯಾಕ್ ಬಾರ್ಟಿ.

ನಾವು ಹಂಚುವುದು ಸಬ್‌ಟೈಟಲ್ ಕಡತ ಮಾತ್ರ. ಚಿತ್ರ ನೋಡುವವರ ಸ್ವಂತ ಡಿಸ್ಕಿನದಾಗಿರಬೇಕು. ತಲೆನೋವು ಶುರುವಾಗುವುದೂ ಅಲ್ಲೇ.

ವೇಗ

ಬ್ರಿಟನ್ನಿನಲ್ಲಿ ಬಂದ 21 ಡಿಸ್ಕುಗಳ ಸೆಟ್ ಪಾಲ್ ಎಂಬ ಟಿವಿ ಪದ್ಧತಿಯದು, ಸೆಕೆಂಡಿಗೆ 25 ಫ್ರೇಮ್. ಅಮೆರಿಕದ 2011ರ 10 ಡಿಸ್ಕುಗಳ ಸೆಟ್ಟಿನಲ್ಲಿ ಚಿತ್ರ 23.976ರ ಲೆಕ್ಕದಲ್ಲಿ ಓಡುತ್ತದೆ. 27 ನಿಮಿಷಕ್ಕೆ ಇವೆರಡರ ನಡುವೆ 66 ಸೆಕೆಂಡು ಅಂತರ ಬೀಳುತ್ತದೆ. ಅಮೆರಿಕದ ಪ್ರತಿಯಲ್ಲಿ 20:00ಕ್ಕೆ ಬರುವ ಸಾಲು ಪಾಲ್ ಪ್ರತಿಯಲ್ಲಿ 19:10.8ಕ್ಕೇ ಬರಬೇಕು. ‘ಮೊದಲು ಸರಿಯಿತ್ತು, ಬರುಬರುತ್ತಾ ಮಾತು ಮುಂದೆ ಓಡಿತು, ಸಾಲು ಹಿಂದೆ ಬಿತ್ತು’ ಎಂಬ ದೂರು ಬಂದರೆ ಕಾರಣ ಇದೇ. ಅದನ್ನು ಎರಡು ಸೆಕೆಂಡು ಹಿಂದಕ್ಕೆಳೆದು ಸರಿಮಾಡಲು ಹೋದರೆ ನಡುವಿನಲ್ಲಿ ಎಲ್ಲೋ ಒಂದು ಕಡೆ ಕೂಡುತ್ತದೆ, ಎರಡೂ ತುದಿ ಕೆಡುತ್ತವೆ.

ಸರಿಯಾದ ಕ್ರಮ ಹೀಗೆ. ಮೊದಲ ಮಾತು ಮತ್ತು ಕೊನೆಯ ಮಾತು ಶುರುವಾಗುವ ಸಮಯಗಳನ್ನು ಎರಡೂ ಪ್ರತಿಗಳಲ್ಲಿ ಗುರುತು ಹಾಕಿಕೊಳ್ಳಿ. ಅವುಗಳ ನಡುವಿನ ಅವಧಿಯನ್ನು ತೆಗೆದು, ಅಮೆರಿಕದ ಪ್ರತಿಯದನ್ನು ಇನ್ನೊಂದರದರಿಂದ ಭಾಗಿಸಿ. 1.0427 ಆಸುಪಾಸು ಬಂದರೆ ಪಾಲ್ ವೇಗವೆಂದು ಖಾತ್ರಿ. ಮೊದಲು ಫ್ರೇಮ್ ದರ ಬದಲಿಸಿ, ಆಮೇಲೆ ಆರಂಭವನ್ನು ಸರಿಸಿ. ತಿರುವುಮುರುವು ಮಾಡಿದರೆ ಸರಿಸಿದ ಮೊತ್ತವೂ ಹಿಗ್ಗುತ್ತದೆ ಅಥವಾ ಕುಗ್ಗುತ್ತದೆ. ಸರಿಸುವ ಅಗತ್ಯ ಯಾಕೆಂದರೆ ಮರುಬಿಡುಗಡೆಯ ಪ್ರತಿಗಳಲ್ಲಿ ಮೂಲ ಟೈಟಲ್ ಕಾರ್ಡ್ ಕಿತ್ತು ವಿತರಕರು ತಮ್ಮದನ್ನು ಅಂಟಿಸಿರುವುದುಂಟು. ಬಣ್ಣ ಬಳಿದ ಪ್ರತಿಗೆ ನಾವು ಸಮಯ ಹೊಂದಿಸುವುದಿಲ್ಲ. ಅದು ಹಟವೆಂದೇ ಇಟ್ಟುಕೊಳ್ಳಿ.

ಏಜಿಸಬ್ ಎಂಬ ಸಬ್‌ಟೈಟಲ್ ಸಾಫ್ಟ್‌ವೇರಿನಲ್ಲಿ ಸಾಲು ಕೂರಿಸುವಾಗ ಸಾಮಾನ್ಯ ತರಂಗ ನೋಟ ಸಾಲದು. ಹಳೆಯ ಧ್ವನಿಪಟ್ಟಿಯ ಸುಯ್ ಸದ್ದು ಎಲ್ಲವನ್ನೂ ದಪ್ಪ ಗೆರೆ ಮಾಡಿಬಿಡುತ್ತದೆ. ಸ್ಪೆಕ್ಟ್ರಮ್ ನೋಟಕ್ಕೆ ಬದಲಿಸಿ, ಕೆಲಸದ ಪ್ರತಿಯಲ್ಲಿ 80 ಹರ್ಟ್ಸ್‌ಗಿಂತ ಕೆಳಗಿನದನ್ನೂ 7 ಕಿಲೋಹರ್ಟ್ಸ್‌ಗಿಂತ ಮೇಲಿನದನ್ನೂ ಕತ್ತರಿಸಿದರೆ ಮಾತಿನ ಮೊದಲ ವ್ಯಂಜನ ಬೇರೆಯಾಗಿ ಕಾಣುತ್ತದೆ.

ಅಕ್ಷರ

ಸಾಫ್ಟ್‌ವೇರ್ ತೋರಿಸುವ ‘ಸೆಕೆಂಡಿಗೆ ಇಷ್ಟು ಅಕ್ಷರ’ ಎಂಬ ಲೆಕ್ಕ ಕನ್ನಡಕ್ಕೆ ಸುಳ್ಳು. ‘ಸ್ತ್ರೀ’ ಓದುವವರಿಗೆ ಒಂದೇ ಅಕ್ಷರ, ಯೂನಿಕೋಡ್ ಎಣಿಕೆಯಲ್ಲಿ ಆರು. ಹಾಗಾಗಿ ಒತ್ತಕ್ಷರ, ಗುಣಿತ ಎಲ್ಲ ಸೇರಿ ಒಂದೆಂದು ಎಣಿಸುವ ಸಣ್ಣ ಸ್ಕ್ರಿಪ್ಟ್ ಬಳಸುತ್ತಿದ್ದೇವೆ. ಮಿತಿ: ಸೆಕೆಂಡಿಗೆ 9 ಅಕ್ಷರ, ಸಾಲಿಗೆ 20, ಎರಡು ಸಾಲಿಗಿಂತ ಹೆಚ್ಚಿಲ್ಲ. ಅತಿ ಚಿಕ್ಕ ಸಾಲೂ 1.2 ಸೆಕೆಂಡು ನಿಲ್ಲಬೇಕು.

‘ಸ್ಟಾನ್‌ಗೆ’ ಎಂಬುದು ‘ಸ್ಟಾನ್ಗೆ’ ಆಗಿ ಒಡೆದುಕೊಂಡರೆ ಕಡತವನ್ನು ಯಾವುದೋ ಸ್ವಚ್ಛಗೊಳಿಸುವ ಸಾಧನ ತಿಂದಿದೆ ಎಂದರ್ಥ. ‘ಕಾಣದ ಅಕ್ಷರ ತೆಗೆ’ ಎಂಬ ಆಯ್ಕೆ ಶೂನ್ಯ ಅಗಲದ ಬೇರ್ಪಡಿಕೆಯನ್ನು ಅಳಿಸಿಹಾಕುತ್ತದೆ. ಆ ಆಯ್ಕೆ ಮುಟ್ಟಬೇಡಿ.

ಚಿತ್ರದ ಚೌಕಟ್ಟು 1.37:1. 1920×1080 ಪರದೆಯಲ್ಲಿ ಎಡಬಲಕ್ಕೆ ಸುಮಾರು 220 ಪಿಕ್ಸೆಲ್ ಕಪ್ಪು ಪಟ್ಟಿ ಉಳಿಯುತ್ತದೆ. ಸಾಲು ಅದರೊಳಕ್ಕೆ ಚಾಚಬಾರದೆಂದು ಎರಡೂ ಬದಿಗೆ 260 ಪಿಕ್ಸೆಲ್ ಜಾಗ ಬಿಟ್ಟಿದ್ದೇವೆ. ಫಾಂಟ್ ನೋಟೋ ಸ್ಯಾನ್ಸ್ ಕನ್ನಡ. ಕ್ಷೌರದಂಗಡಿಯ ಬಿಳಿ ಕೋಟುಗಳ ಮೇಲೆ ಬಿಳಿ ಅಕ್ಷರ ಕರಗುತ್ತದೆಂದು ಕಪ್ಪು ಅಂಚನ್ನು 5ಕ್ಕೆ ಏರಿಸಿದಾಗ ಅಕ್ಷರದ ಹೊಟ್ಟೆಯೇ ತುಂಬಿಹೋಗಿ ಥ, ಧ ಒಂದೇ ಥರ ಕಂಡವು. ಈಗ ಅಂಚು 3, ನೆರಳು 1. ಓರೆ ಅಕ್ಷರ ಎಲ್ಲೂ ಇಲ್ಲ. ಸಾಫ್ಟ್‌ವೇರ್ ಬಗ್ಗಿಸಿದ ಕನ್ನಡ ಒತ್ತಕ್ಷರಗಳಷ್ಟು ವಿಕಾರ ಇನ್ನೊಂದಿಲ್ಲ. ಜಾಹೀರಾತು, ಕಾಗದ ಪರದೆಯ ಮೇಲೆ ಬಂದಾಗ ಸಾಲು ತಿಳಿಹಳದಿ ಬಣ್ಣದಲ್ಲಿ ಮೇಲ್ಗಡೆ.

ಊಟದ ದೃಶ್ಯ

ಇಡೀ ಚಿತ್ರದಲ್ಲಿ ಅತಿ ಹೆಚ್ಚು ಹೊತ್ತು ತಿಂದದ್ದು ಇದೇ. ಬಟ್ಲರ್ ಖಾಲಿ ಪಾತ್ರೆಯಿಂದ ಇಲ್ಲದ ಸೂಪ್ ಬಡಿಸುತ್ತಾನೆ. ಅವನ ಮರುಳಿಗೆ ತಾಳ ಹಾಕಬೇಕಾದ್ದರಿಂದ ಎಲ್ಲರೂ ಅದನ್ನು ಸವಿಯಬೇಕು. ತಮಾಷೆ ಪೂರ್ತಿ ಕೈಯಲ್ಲಿದೆ, ಹಾರ್ಡಿ ಕ್ಯಾಮೆರಾ ಕಡೆ ತಿರುಗಿ ನೋಡುವ ನೋಟದಲ್ಲಿದೆ. ಎರಡು ಸಾಲಿನ ಸಬ್‌ಟೈಟಲ್ ಹಾಕಿದರೆ ಕಣ್ಣು ಕೆಳಗೇ ಉಳಿದು ಚಮಚ ತಪ್ಪಿಹೋಗುತ್ತದೆ. ಇಲ್ಲಿ ಒಂದೇ ಸಾಲು, 12 ಅಕ್ಷರದೊಳಗೆ. ಹಾರ್ಡಿ ಕತ್ತು ತಿರುಗಿಸುವ ಮೊದಲೇ ಅಳಿಸಬೇಕು. ಮಾತು ಮುಗಿದ ಮೇಲೆ ಅರ್ಧ ಸೆಕೆಂಡು ಸಾಲು ನಿಲ್ಲಿಸುವ ವಾಡಿಕೆಯನ್ನು ಈ ದೃಶ್ಯದಲ್ಲಿ ಪೂರ್ತಿ ಬಿಟ್ಟಿದ್ದೇವೆ. ಅದಕ್ಕಾಗಿ ಕೆಲವು ಉಪಚಾರದ ಮಾತುಗಳೂ ಹೋದವು. ಹೋಗಲಿ.

ಗುಟ್ಟು ರಟ್ಟಾಗುವ ಕಡೆ ಇನ್ನೊಂದು ಕಷ್ಟ. ಏಳು ಆಲಿವರ್‌ಗಳ ಕಥೆಯನ್ನು ಒಂದೇ ಸಾಲಿನಲ್ಲಿಟ್ಟರೆ ಬಟ್ಲರ್ ಬಾಯಿಬಿಡುವ ಮುಂಚೆಯೇ ನೋಡುಗರು ನಕ್ಕು ಮುಗಿಸುತ್ತಾರೆ. ಅದನ್ನು ಮೂರು ತುಂಡು ಮಾಡಿ, ‘ಎಂಟನೆಯವರು ತಾವು’ ಎಂಬುದನ್ನು ಬೇರೆಯಾಗಿ, ಆ ಮಾತು ಹೊರಡುವ ಫ್ರೇಮಿಗೇ ಕೂರಿಸಿದ್ದೇವೆ. ಗೆಳೆಯರಿಬ್ಬರ ನಡುವೆ ‘ನೀನು’, ವಿಧವೆಯ ಮುಂದೆ ಹಾರ್ಡಿಯದು ‘ತಾವು’, ಬಟ್ಲರ್ ಬಾಯಲ್ಲಿ ‘ಅಮ್ಮಾವ್ರು’.

ಬಾಕಿ ಇರುವುದು

23.976ರ ಕಡತ ತಯಾರು. ಪಾಲ್ ಕಡತವನ್ನು ಪರಿವರ್ತಿಸಿದ್ದಾಗಿದೆ, ಮೂರನೇ ರೀಲು ಕಣ್ಣಾರೆ ನೋಡಬೇಕು. ಟಿವಿಗೆ ಪೆನ್‌ಡ್ರೈವ್ ಚುಚ್ಚಿ ನೋಡುವವರಿಗೆ ಒಂದು ಮಾತು: ಕೆಲವು ಟಿವಿಗಳು ಎಸ್‌ಆರ್‌ಟಿ (ಬರಿಯ ಪಠ್ಯದ ಸಬ್‌ಟೈಟಲ್ ಕಡತ) ಸಾಲನ್ನು ತಮ್ಮದೇ ಫಾಂಟಿನಲ್ಲಿ ಬರೆದು ‘ಕ್ಷೌರ’ವನ್ನು ಚೂರು ಮಾಡುತ್ತವೆ. ಅಂಥವರು ಫಾಂಟು, ಬಣ್ಣದ ವಿವರವಿರುವ ಎಎಸ್‌ಎಸ್ ಕಡತವನ್ನು ತಮ್ಮ ಪ್ರತಿಯ ಚಿತ್ರದೊಳಗೇ ಎಫ್‌ಎಫ್‌ಎಂಪೆಗ್ ಎಂಬ ವಿಡಿಯೋ ಸಾಧನ ಬಳಸಿ ಅಚ್ಚು ಹಾಕಿಕೊಳ್ಳಬೇಕು. ಒತ್ತಕ್ಷರ ಕೂಡಿಸುವ ಶೇಪಿಂಗ್ ಆಯ್ಕೆ ‘ಕಾಂಪ್ಲೆಕ್ಸ್’ ಇರಲಿ, ಚಿತ್ರದ ಗುಣಮಟ್ಟದ ಅಂಕಿ ಸಿಆರ್‌ಎಫ್ 18, ಧ್ವನಿಯನ್ನು ಮರುಸಂಕುಚಿಸದೆ ಹಾಗೇ ನಕಲಿಸಿ. ಮೊದಲು ಒಂದು ನಿಮಿಷದ ತುಂಡು ಮಾಡಿ ಟಿವಿಯಲ್ಲಿ ನೋಡಿ, ಆಮೇಲೆ ಪೂರ್ತಿಗೆ ಕೈಹಾಕಿ.