ಹಾಲಾವ ಕಣಿವೆಯಲ್ಲಿ ಗುಂಡ

ಕ್ಯಾಲಿಫೋರ್ನಿಯಾದಿಂದ ಹವಾಯಿಗೆ ಮನುಷ್ಯರು ಹೋಗುವುದು ಸುಲಭ. ಟಿಕೆಟ್ ತೆಗೆದು ಐದೂವರೆ ಗಂಟೆ ಕೂತರೆ ಹೊನೊಲುಲು ಬರುತ್ತದೆ. ಒಂದೇ ದೇಶ, ಪಾಸ್‌ಪೋರ್ಟ್ ಕೂಡ ಬೇಡ. ನಾಯಿಗಳಿಗೆ ಹಾಗಲ್ಲ. ಅಮೆರಿಕದ 50 ರಾಜ್ಯಗಳಲ್ಲಿ ರೇಬಿಸ್ ಇಲ್ಲದಿರುವುದು ಹವಾಯಿಯಲ್ಲಿ ಮಾತ್ರ. ಅದನ್ನು ಹಾಗೇ ಉಳಿಸಿಕೊಳ್ಳಲು 1912ರಿಂದಲೂ ಹೊರಗಿನಿಂದ ಬರುವ ನಾಯಿ, ಬೆಕ್ಕುಗಳನ್ನು ಬಾಗಿಲಲ್ಲೇ ತಡೆಯುತ್ತಾರೆ.

ನನ್ನ ಗಂಡನಿಗೆ ಮನೋವಾದಲ್ಲಿರುವ ಹವಾಯಿ ವಿಶ್ವವಿದ್ಯಾಲಯದಲ್ಲಿ ಕೆಲಸ ಸಿಕ್ಕಿತು. ಫ್ರೀಮಾಂಟ್‌ನ ಮನೆ ಖಾಲಿ ಮಾಡಿದ್ದು, ಸಾಮಾನು ಹಡಗಿಗೆ ಹಾಕಿದ್ದು, ಅದೆಲ್ಲ ಹೇಗೋ ಆಯಿತು. ತಲೆ ತಿಂದದ್ದು ನಮ್ಮ ನಾಯಿಗಳಾದ ಗುಂಡ ಮತ್ತು ಬೆಳ್ಳಿಯ ಕಾಗದಪತ್ರ. ಇಬ್ಬರೂ ಅಲ್ಲಿನ ಶೆಲ್ಟರ್‌ನಿಂದ ಮನೆಗೆ ಬಂದವರು. ಗುಂಡ ಕಪ್ಪಗೆ, ದೊಡ್ಡಗೆ ಇದ್ದಾನೆ. ಆದರೆ ಗುಡುಗಿದರೆ ಮಂಚದ ಕೆಳಗೆ ಸೇರುತ್ತಾನೆ. ಬೆಳ್ಳಿ ಚಿಕ್ಕವಳು, ಅವಳಿಗೆ ಧೈರ್ಯ ಜಾಸ್ತಿ.

ನಿಯಮ ಹೀಗಿದೆ. ಮೊದಲು ಚರ್ಮದಡಿ ಮೈಕ್ರೋಚಿಪ್ ಹಾಕಿಸಬೇಕು. ರೇಬಿಸ್ ಲಸಿಕೆ ಎರಡು ಬಾರಿ ಆಗಿರಬೇಕು, ನಡುವೆ ಕನಿಷ್ಠ 30 ದಿನ ಇರಬೇಕು. ಚಿಪ್ ಹಾಕಿದ ಮೇಲೆ ರಕ್ತ ತೆಗೆದು ಪರೀಕ್ಷೆಗೆ ಕಳಿಸಬೇಕು. ನಮ್ಮವರ ರಕ್ತ ಕಾನ್ಸಾಸ್ ಸ್ಟೇಟ್ ವಿಶ್ವವಿದ್ಯಾಲಯದ ಲ್ಯಾಬಿಗೆ ಹೋಯಿತು. ಲಸಿಕೆ ಮೈಯಲ್ಲಿ ನಿಜವಾಗಿ ಕೆಲಸ ಮಾಡಿದೆಯಾ ಅಂತ ಅಲ್ಲಿ ಅಳೆಯುತ್ತಾರೆ. ಅಂಕಿ 0.5 ಅಥವಾ ಅದಕ್ಕಿಂತ ಮೇಲಿರಬೇಕು. ರಕ್ತ ಲ್ಯಾಬ್ ಸೇರಿದ ಮೇಲೆ ಮತ್ತೆ 30 ದಿನ ಕಾಯಬೇಕು. ಹೊರಡುವ ಮುಂಚಿನ 14 ದಿನಗಳೊಳಗೆ ಉಣ್ಣೆ ಹುಳುವಿಗೆ ಔಷಧಿ ಹಾಕಿಸಿ ಆರೋಗ್ಯ ಪತ್ರ ಮಾಡಿಸಬೇಕು. ಎಲ್ಲ ಕಾಗದವೂ ನಾವು ಇಳಿಯುವ 10 ದಿನ ಮುಂಚೆ ಅಲ್ಲಿನ ಕಚೇರಿ ತಲುಪಿರಬೇಕು. ಇಷ್ಟು ಸರಿ ಇದ್ದರೆ ವಿಮಾನ ನಿಲ್ದಾಣದಲ್ಲೇ ನಾಯಿ ಕೈಗೆ ಸಿಗುತ್ತದೆ. ನಮಗೆ ಹೇಳಿದ ಶುಲ್ಕ ತಲಾ 185 ಡಾಲರ್. ಏನಾದರೂ ತಪ್ಪಿದರೆ 5 ದಿನದವರೆಗೆ ಕ್ವಾರಂಟೈನ್, 244 ಡಾಲರ್. ತಯಾರಿಯೇ ಇಲ್ಲದೆ ಬಂದರೆ 120 ದಿನ, 1,080 ಡಾಲರ್.

ನಾವು ತಿಂಗಳುಗಟ್ಟಲೆ ಮುಂಚೆಯೇ ಶುರು ಮಾಡಿದ್ದೆವು. ಬೆಳ್ಳಿಯ ಕಾಗದ ಒಂದೇ ಸಲಕ್ಕೆ ಒಪ್ಪಿಗೆಯಾಯಿತು. ಗುಂಡನ ಹಳೇ ಲಸಿಕೆ ಮಾತ್ರ ಬೇರೊಂದು ಕ್ಲಿನಿಕ್‌ನಲ್ಲಿ ಆಗಿತ್ತು. ಅವರು ಕೊಟ್ಟ ಪ್ರಮಾಣಪತ್ರದಲ್ಲಿ ಲಸಿಕೆಯ ಲಾಟ್ ನಂಬರ್, ಅಂದರೆ ಅದು ತಯಾರಾದ ಕಂತಿನ ಸಂಖ್ಯೆ, ಇರಲಿಲ್ಲ. ಹವಾಯಿಯ ಕಚೇರಿಯವರು ಅದನ್ನು ತಕ್ಷಣ ಹಿಡಿದು ತಿಳಿಸಿದರು. ಕ್ಲಿನಿಕ್‌ನವರ ದಾಖಲೆಯಲ್ಲಿ ಆ ನಂಬರ್ ಇತ್ತು. ನೋಡಿ ಬರೆದು ಸಹಿ ಮಾಡಿ ಕೊಡಲು ಹತ್ತು ನಿಮಿಷ ಸಾಕು. ಅದಕ್ಕೆ ಅವರು ವಾರಗಟ್ಟಲೆ ತೆಗೆದುಕೊಂಡರು. ಡಾಕ್ಟರ್ ರಜೆಯಲ್ಲಿದ್ದಾರೆ, ನಾಳೆ ಬನ್ನಿ, ಮೇಲ್ ಮಾಡುತ್ತೇವೆ, ಇಷ್ಟೇ. ಕೊನೆಗೆ ಕಾಗದ ಕೈಗೆ ಬಂದಾಗ 10 ದಿನದ ಗಡುವು ಮೀರಿತ್ತು. ಆ ಸಿಟ್ಟು ನನಗೆ ಇನ್ನೂ ಇಳಿದಿಲ್ಲ. ಅವರಿಗೆ ಅದು ಒಂದು ಖಾಲಿ ಜಾಗ ಅಷ್ಟೇ. ಗುಂಡನಿಗೆ ಅದು ಗೊತ್ತಿಲ್ಲದ ಊರಿನಲ್ಲಿ ಒಂಟಿ ರಾತ್ರಿಗಳು.

ಹಾಗಾಗಿ ಯಾರಾದರೂ ಹೊರಟಿದ್ದರೆ ಕೇಳಿ. ಲಸಿಕೆ ಹಾಕಿಸಿದ ದಿನವೇ, ಕ್ಲಿನಿಕ್ ಬಿಟ್ಟು ಹೊರಡುವ ಮುಂಚೆ, ಪ್ರಮಾಣಪತ್ರವನ್ನು ಅಲ್ಲೇ ನಿಂತು ಓದಿ. ಲಸಿಕೆಯ ಹೆಸರು, ಲಾಟ್ ನಂಬರ್, ಆ ಲಾಟ್‌ನ ಅವಧಿ ಮುಗಿಯುವ ದಿನಾಂಕ, ಡಾಕ್ಟರ್ ಪೆನ್ನಿನಲ್ಲಿ ಹಾಕಿದ ಸಹಿ, ಎಲ್ಲವೂ ಇರಬೇಕು. ಚಿಪ್ ನಂಬರನ್ನು ಸ್ಕ್ಯಾನರ್‌ನಲ್ಲಿ ಓದಿಸಿ ಕಾಗದದ ಜೊತೆ ಹೋಲಿಸಿ. ವಿಮಾನ ಮಧ್ಯಾಹ್ನ ಮೂರೂವರೆಯೊಳಗೆ ಇಳಿಯುವಂಥದ್ದಾಗಿರಲಿ. ತಡವಾದರೆ ತಪಾಸಣೆ ಮುಗಿಯದೆ ನಾಯಿ ರಾತ್ರಿಯೆಲ್ಲ ಅಲ್ಲೇ ಉಳಿಯಬೇಕಾಗುತ್ತದೆ. ನಾಯಿ ಮಲಗುವ ಪಂಜರವನ್ನು ವಾರಗಳ ಮುಂಚೆಯೇ ಮನೆಯಲ್ಲಿ ಇಟ್ಟು ಅಭ್ಯಾಸ ಮಾಡಿಸಿ.

ವಿಮಾನದಲ್ಲಿ ಏನಾಯಿತು ಅಂತ ನನಗೆ ನೆನಪೇ ಇಲ್ಲ. ಕೆಳಗೆ ಅವರಿಬ್ಬರೂ ಹೇಗಿದ್ದಾರೋ ಅನ್ನುವುದೊಂದೇ ಯೋಚನೆ. ಇಳಿಯುವ ಮುಂಚೆ ಕೃಷಿ ಇಲಾಖೆಯ ಫಾರಂ ಕೊಟ್ಟರು. ಹಣ್ಣು, ಗಿಡ, ಬೀಜ, ಪ್ರಾಣಿ, ಏನು ತಂದಿದ್ದೀರೋ ಬರೆಯಿರಿ ಅಂತ. ಹವಾಯಿಯಲ್ಲಿ ಹಾವು ಸಾಕುವುದೂ ಅಪರಾಧ, 2 ಲಕ್ಷ ಡಾಲರ್‌ವರೆಗೆ ದಂಡ, ಮೂರು ವರ್ಷದವರೆಗೆ ಜೈಲು. ಹೊರಗಿನ ಜೀವ ಒಳಗೆ ಬಂದರೆ ಏನಾಗುತ್ತದೆ ಅಂತ ಅನುಭವಿಸಿ ಕಲಿತ ಊರು ಇದು.

ನಿಲ್ದಾಣದ ಪ್ರಾಣಿ ತಪಾಸಣಾ ಕೇಂದ್ರದಲ್ಲಿ ಬೆಳ್ಳಿಯ ಚಿಪ್ ಓದಿದರು, ಮೈಯಲ್ಲಿ ಉಣ್ಣೆ ಇದೆಯಾ ಅಂತ ನೋಡಿದರು, ಕೊಟ್ಟರು. ಗುಂಡನನ್ನು ಕೊಡಲಿಲ್ಲ. ಅಲ್ಲಿದ್ದ ಹುಡುಗಿ ತುಂಬ ಮೃದುವಾಗಿ ಮಾತಾಡಿದಳು. ಹಾಲಾವದ ಕ್ವಾರಂಟೈನ್ ಕೇಂದ್ರಕ್ಕೆ ಮಧ್ಯಾಹ್ನದ ಹೊತ್ತು ಬಂದು ಅವನ ಜೊತೆ ಕೂರಬಹುದು ಎಂದಳು. ಅವನು ಪಂಜರದ ಜಾಲರಿಗೆ ಮೂಗು ಒತ್ತಿ ನಮ್ಮನ್ನೇ ನೋಡುತ್ತಿದ್ದ. ಕಾರಿನಲ್ಲಿ ನಾನು ಅತ್ತೆ.

ಹಾಲಾವ ಕಣಿವೆ ಪರ್ಲ್ ಹಾರ್ಬರ್‌ನ ಮೇಲ್ಭಾಗದಲ್ಲಿದೆ. ಹಿಂದೆ ಕೋಒಲಾವ್ ಬೆಟ್ಟಸಾಲು, ಮೇಲೆ ಸದಾ ಮೋಡ. ಕ್ವಾರಂಟೈನ್ ಕೇಂದ್ರ ಅಂದಾಗ ನಾನು ಕತ್ತಲೆ ಕೋಣೆಗಳನ್ನು ಕಲ್ಪಿಸಿಕೊಂಡಿದ್ದೆ. ಅಲ್ಲಿರುವುದು ಬಯಲಿಗೆ ತೆರೆದ ತಂತಿ ಜಾಲರಿಯ ಸಾಲುಗಳು. ಅರ್ಧಕ್ಕೆ ಸೂರು, ಅರ್ಧಕ್ಕೆ ಆಕಾಶ. ಗಾಳಿ ಚೆನ್ನಾಗಿ ಆಡುತ್ತದೆ. ಗುಂಡ ನನ್ನನ್ನು ಕಂಡದ್ದೇ ಮೈಯೆಲ್ಲ ಬಾಲವಾಗಿ ಕುಣಿದ. ಆಮೇಲೆ ನನ್ನ ತೊಡೆಯ ಮೇಲೆ ತಲೆ ಇಟ್ಟು ಮಲಗಿಬಿಟ್ಟ. ಊಟ ಸರಿಯಾಗಿ ಮಾಡಿಲ್ಲ, ನೀರು ಕುಡಿದಿದ್ದಾನೆ ಅಂತ ನೋಡಿಕೊಳ್ಳುವವರು ಹೇಳಿದರು. ಅವರಿಗೆ ಅವನ ಹೆಸರು ಆಗಲೇ ಬಾಯಿಗೆ ಬಂದಿತ್ತು. ಅದಕ್ಕೆ ಅವರಿಗೆ ನನ್ನ ನಮಸ್ಕಾರ.

ಹೊರಗೆ ಬರುವಾಗ ಒಬ್ಬ ಹಿರಿಯರು ಸಿಕ್ಕರು. ಎಪ್ಪತ್ತು ದಾಟಿದ ವಯಸ್ಸು, ಹೂವಿನ ಅಂಗಿ, ಕೈಯಲ್ಲಿ ಒಂದು ಹಳೇ ಟವೆಲ್. ಮಗಳು ಆರೆಗಾನ್‌ನಿಂದ ಅವಸರದಲ್ಲಿ ವಾಪಸ್ ಬಂದಿದ್ದಳು, ತಾಯಿಗೆ ಹುಷಾರಿಲ್ಲ ಅಂತ. ಬೆಕ್ಕಿನ ರಕ್ತ ಪರೀಕ್ಷೆಗೆ ಸಮಯವೇ ಇರಲಿಲ್ಲ. ಹಾಗಾಗಿ ಅದಕ್ಕೆ ಪೂರ್ತಿ 120 ದಿನ. ಮಗಳು ಕೆಲಸದಲ್ಲಿದ್ದಾಗ ಇವರು ಬಂದು ಬೆಕ್ಕಿನ ಜೊತೆ ಕೂರುತ್ತಾರೆ. ಹವಾಯಿಯಲ್ಲಿ ದೊಡ್ಡವರನ್ನೆಲ್ಲ ಅಂಕಲ್, ಆಂಟಿ ಅಂತಲೇ ಕರೆಯುತ್ತಾರೆ. ನನಗೂ ಅದು ಸಲೀಸಾಗಿ ಬಂತು.

"ಎಲ್ಲಿಂದ ಬಂದಿದ್ದು?" ಎಂದು ಕೇಳಿದರು.

"ಫ್ರೀಮಾಂಟ್‌ನಿಂದ, ಅಂಕಲ್."

"ಅದಕ್ಕೂ ಮುಂಚೆ?"

"ಇಂಡಿಯಾ. ಕರ್ನಾಟಕ."

"ಓ, ನಮ್ಮ ಮುಂಗುಸಿಗಳ ಊರು!"

ನನಗೆ ಅರ್ಥವಾಗಲಿಲ್ಲ. ಬೆಂಚಿನ ಮೇಲೆ ಕೂತು ವಿವರಿಸಿದರು. ಕಬ್ಬಿನ ತೋಟದವರು ಇಲಿ ಕಾಟ ತಪ್ಪಿಸಿಕೊಳ್ಳಲು 1883ರಲ್ಲಿ ಜಮೈಕಾದಿಂದ ಮುಂಗುಸಿ ತರಿಸಿದರು. ಜಮೈಕಾಕ್ಕೆ ಅವು ಹೋಗಿದ್ದು 1872ರಲ್ಲಿ, ಭಾರತದಿಂದ. ಇಲಿ ಓಡಾಡುವುದು ರಾತ್ರಿ, ಮುಂಗುಸಿ ಬೇಟೆಯಾಡುವುದು ಹಗಲು. ಇಲಿ ಹಾಗೇ ಉಳಿದವು, ನೆಲದಲ್ಲಿ ಗೂಡು ಕಟ್ಟುವ ಹಕ್ಕಿಗಳ ಮೊಟ್ಟೆ ಹೋದವು. "ಪೋರ್ಟೋ ರಿಕೋದಲ್ಲಿ ರೇಬಿಸ್ ಹರಡುವುದೇ ಮುಂಗುಸಿ" ಎಂದರು. "ಇಲ್ಲಿಗೆ ಒಂದು ಸಲ ಆ ರೋಗ ಬಂದು ಇವುಗಳಿಗೆ ಹತ್ತಿದರೆ ಮುಗಿಯಿತು. ಕಾಡಿನಲ್ಲಿರುವ ಮುಂಗುಸಿಗೆಲ್ಲ ಯಾರು ಲಸಿಕೆ ಹಾಕುತ್ತಾರೆ?" 1991ರಲ್ಲಿ ಹೊನೊಲುಲು ಬಂದರಿನ ಕಂಟೇನರ್ ಒಂದರಲ್ಲಿ ರೇಬಿಸ್ ಇದ್ದ ಬಾವಲಿ ಸಿಕ್ಕಿತ್ತು. ಅದನ್ನೂ ಅವರೇ ಹೇಳಿದ್ದು.

ನನ್ನ ಸಿಟ್ಟು ಹೊರಗೆ ಬಂತು. "ಆದರೂ ಇಷ್ಟು ಕಟ್ಟುನಿಟ್ಟು ಬೇಕಾ ಅಂಕಲ್? ಗುಂಡನ ರಕ್ತ ಪರೀಕ್ಷೆ ಚೆನ್ನಾಗೇ ಬಂದಿದೆ. ಬರೀ ಒಂದು ನಂಬರಿಗೋಸ್ಕರ..."

ಅವರು ಉತ್ತರ ಕೊಡಲಿಲ್ಲ. ಪ್ಯಾಂಟ್ ಮೇಲೆತ್ತಿ ಮೀನಖಂಡದ ಮೇಲಿನ ಕಲೆ ತೋರಿಸಿದರು. "ಏಳು ವರ್ಷದವನಿದ್ದಾಗ ಪಕ್ಕದ ಮನೆ ನಾಯಿ ಕಚ್ಚಿದ್ದು."

"ಆಮೇಲೆ?"

"ಆಮೇಲೇನು? ಅಮ್ಮ ಸೋಪು ಹಾಕಿ ತೊಳೆದಳು. ಬೇಲಿ ಹತ್ತಿದ್ದಕ್ಕೆ ಬೈದಳು."

"ಹೆದರಿಕೆ ಆಗಲಿಲ್ವಾ?"

"ಯಾವುದಕ್ಕೆ?" ಎಂದರು.

ನಿಜವಾಗಿ ಕೇಳಿದ್ದು ಅದು. ಯಾವುದಕ್ಕೆ ಹೆದರಬೇಕು ಅಂತ ಅವರಿಗೆ ಹೊಳೆಯಲೇ ಇಲ್ಲ. ನಾನು ಮಾತಿಲ್ಲದೆ ಕೂತೆ. ಎಪ್ಪತ್ತು ವರ್ಷದ ಬದುಕಿನಲ್ಲಿ ನಾಯಿ ಕಡಿತ ಅಂದರೆ ಬರೀ ಗಾಯ ಅಂದುಕೊಂಡಿರುವ ಮನುಷ್ಯರನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಇಂಥವರು ಇರಬಹುದು ಅಂತಲೂ ಯೋಚಿಸಿರಲಿಲ್ಲ.

ನನ್ನ ಅಜ್ಜಿ ಮನೆ ಅರಕಲಗೂಡು ಹತ್ತಿರದ ಹಳ್ಳಿ. ರಜೆಗೆ ಹೋದಾಗಲೆಲ್ಲ ಮೊದಲು ಸಿಗುತ್ತಿದ್ದ ಎಚ್ಚರಿಕೆ, ಹುಚ್ಚುನಾಯಿ ಓಡಾಡ್ತಾ ಇದೆ, ಹೊರಗೆ ಹೋಗಬೇಡಿ. ಕಚ್ಚಿದರೆ ಹೊಕ್ಕುಳ ಸುತ್ತ 14 ಇಂಜೆಕ್ಷನ್. ಆ ಹೆದರಿಕೆಗೇ ಎಷ್ಟೋ ಮಕ್ಕಳು ಕಚ್ಚಿದ್ದನ್ನು ಮನೆಯಲ್ಲಿ ಹೇಳುತ್ತಿರಲಿಲ್ಲ. ಹಿಂದಿನ ಬೀದಿಯ ಹುಡುಗನೊಬ್ಬ ಹಾಗೇ ಮಾಡಿದ. ಗೊತ್ತಾದ ಮೇಲೆ ಮನೆಯವರು ಗಾಯಕ್ಕೆ ಸುಣ್ಣ ಹಚ್ಚಿದರು, ನಾಟಿ ಔಷಧಿ ಕೊಡಿಸಿದರು. ವಾರಗಳಾದ ಮೇಲೆ ಅವನಿಗೆ ಜ್ವರ ಬಂತು. ಲೋಟದಲ್ಲಿ ನೀರು ತಂದರೆ ಗಂಟಲು ಹಿಡಿದುಕೊಂಡು ನಡುಗುತ್ತಿದ್ದ. ಕಿಟಕಿಯಿಂದ ನಾನೂ ನೋಡಿದೆ. ಅಜ್ಜಿ ಬಂದು ನನ್ನನ್ನು ಎಳೆದುಕೊಂಡು ಹೋದಳು. ಹಾಸನದ ಆಸ್ಪತ್ರೆಯಿಂದ ಅವನು ವಾಪಸ್ ಬರಲಿಲ್ಲ. ಲಕ್ಷಣ ಕಾಣಿಸಿಕೊಂಡ ಮೇಲೆ ಈ ರೋಗಕ್ಕೆ ಔಷಧಿ ಇಲ್ಲ, ಆಗಲೂ ಇರಲಿಲ್ಲ, ಈಗಲೂ ಇಲ್ಲ.

ಇದನ್ನೆಲ್ಲ ಅಂಕಲ್‌ಗೆ ಹೇಳಿದೆ. ಎಷ್ಟೋ ವರ್ಷಗಳಿಂದ ಯಾರಿಗೂ ಹೇಳಿರಲಿಲ್ಲ. ಅವರು ಟವೆಲನ್ನು ಮಡಿಲಲ್ಲಿ ಮಡಚುತ್ತಾ ಕೇಳಿದರು.

"ನೀರಿಗೆ ಹೆದರುವುದು ನಿಜವಾ? ಕಥೆ ಅಂದುಕೊಂಡಿದ್ದೆ."

"ನಿಜ."

"ಈಗಲೂ ನಿಮ್ಮಲ್ಲಿ ಹೀಗಾಗುತ್ತಾ?"

ಆಗುತ್ತದೆ ಎಂದೆ. ಜಗತ್ತಿನಲ್ಲಿ ರೇಬಿಸ್‌ನಿಂದ ಸಾಯುವವರಲ್ಲಿ ಸುಮಾರು ಶೇಕಡಾ 36 ಮಂದಿ ಭಾರತದವರು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಅದರಲ್ಲಿ ಮಕ್ಕಳೂ ತುಂಬ ಮಂದಿ. ಹೊಕ್ಕುಳ ಸುತ್ತಿನ ಇಂಜೆಕ್ಷನ್ ಹೋಗಿ ತೋಳಿಗೆ ಕೊಡುವ ಒಳ್ಳೆಯ ಲಸಿಕೆ ಬಂದಿದೆ. ಬೀದಿನಾಯಿಗಳಲ್ಲಿ ನೂರಕ್ಕೆ ಎಪ್ಪತ್ತಕ್ಕೆ ಲಸಿಕೆ ಹಾಕಿದರೂ ರೋಗದ ಸರಪಳಿ ಕಡಿಯುತ್ತದೆ. ಗೋವಾದಲ್ಲಿ ವರ್ಷವರ್ಷವೂ ಹಾಕಿ ಸಾವುಗಳನ್ನು ತೀರಾ ಇಳಿಸಿದ್ದಾರೆ. ಸಮುದ್ರ ಸುತ್ತ ಇಲ್ಲದ ಕಡೆಯೂ ಆಗುವ ಕೆಲಸ ಇದು. ನಮ್ಮ ಹಳ್ಳಿಗಳಲ್ಲೂ ಆಗಬೇಕು, ಬೇಗ ಆಗಬೇಕು.

ಆಮೇಲೆ ಅವರು ತಮ್ಮ ಕಥೆ ಹೇಳಿದರು. 1970ರ ದಶಕದಲ್ಲಿ ಸೈನ್ಯದಲ್ಲಿದ್ದು ಟೆಕ್ಸಾಸ್‌ನಿಂದ ನಾಯಿ ತಂದಿದ್ದರಂತೆ. ಆಗ ರಕ್ತ ಪರೀಕ್ಷೆ ಇರಲಿಲ್ಲ, ಎಲ್ಲರಿಗೂ 120 ದಿನವೇ. 1997ರಲ್ಲಿ 30 ದಿನದ ದಾರಿ ಬಂತು, 2003ರಲ್ಲಿ 5 ದಿನದ್ದು. ಅಂಧರು ತಮ್ಮ ಮಾರ್ಗದರ್ಶಿ ನಾಯಿಗಳಿಗಾಗಿ ಕೋರ್ಟಿಗೆ ಹೋಗಿ ಹೋರಾಡಿದ್ದು ಅವರಿಗೆ ನೆನಪಿತ್ತು. 1996ರಲ್ಲಿ ಮೇಲ್ಮನವಿ ಕೋರ್ಟ್ ಅವರ ಕಡೆ ನಿಂತಿತು. "ಅದು ಸರಿಯಾದದ್ದೇ" ಎಂದರು. "ಕಣ್ಣು ಕಾಣದವರ ಜೊತೆಗಾರನನ್ನು ನಾಲ್ಕು ತಿಂಗಳು ಕಿತ್ತುಕೊಳ್ಳುವುದು ಅನ್ಯಾಯ."

"ನಿಮಗೆ ಆಗ ಕೋಪ ಬಂದಿರಲಿಲ್ವಾ?"

"ಬರದೇ ಇರುತ್ತಾ? ಈಗಲೂ ಆ ಬೆಕ್ಕು ಕೂಗಿದರೆ ಹೊಟ್ಟೆ ಉರಿಯುತ್ತೆ. ಆದರೆ ಈ ಬೇಲಿ ತೆಗೆಯಿರಿ ಅಂತ ನಾನು ಹೇಳಲ್ಲ. ನನ್ನ ಮೊಮ್ಮಕ್ಕಳೂ ಬೇಲಿ ಹತ್ತುತ್ತಾರೆ."

ಮುಂದಿನ ದಿನಗಳಲ್ಲಿ ನೋಡಿದ್ದನ್ನು ಚಿಕ್ಕದಾಗಿ ಹೇಳುತ್ತೇನೆ. ವೈಕಿಕಿ ನನಗೆ ಹಿಡಿಸಲಿಲ್ಲ. ಹೋಟೆಲುಗಳ ನಡುವೆ ಸಮುದ್ರವನ್ನು ಹುಡುಕಬೇಕು. ಊರೆಲ್ಲ ಓಡಾಡುವ ಬೀದಿಕೋಳಿಗಳು ಇಷ್ಟವಾದವು. ಪೊಯ್ ಅನ್ನುವ ಕೆಸುವಿನ ಗೆಡ್ಡೆಯ ಗಂಜಿಯನ್ನು ಪ್ರವಾಸಿಗರು ಸಪ್ಪೆ ಅಂತ ಬಿಡುತ್ತಾರೆ, ನಾನು ಎರಡು ಸಲ ಹಾಕಿಸಿಕೊಂಡೆ. ನಾವು ಪತ್ರೊಡೆಗೆ ಬಳಸುವ ಕೆಸುವಿನ ಎಲೆ ಅಲ್ಲಿನ ಸಂತೆಯಲ್ಲಿ ಕಟ್ಟುಗಟ್ಟಲೆ ಸಿಗುತ್ತದೆ. ಅಷ್ಟು ತಾಜಾ ಎಲೆ ಫ್ರೀಮಾಂಟ್‌ನಲ್ಲಿ ನಾನು ಕಂಡಿರಲಿಲ್ಲ.

ಗುಂಡ ಬಿಡುಗಡೆಯಾದ ದಿನ ಬೆಳ್ಳಿಯನ್ನೂ ಕಾರಿನಲ್ಲಿ ಕರೆದುಕೊಂಡು ಹೋದೆವು. ಸಹಿ, ಗುರುತಿನ ಚೀಟಿ, ಚಿಪ್ ಇನ್ನೊಮ್ಮೆ, ಆಯಿತು. ಸ್ವಲ್ಪ ಸೊರಗಿದ್ದ. ಕಾರಿನ ಬಾಗಿಲು ತೆಗೆದದ್ದೇ ಬೆಳ್ಳಿ ಅವನ ಕಿವಿ, ಮೂತಿ, ಕಾಲುಗಳನ್ನೆಲ್ಲ ಒಂದೊಂದಾಗಿ ಮೂಸಿ ನೋಡಿದಳು. ಮನೋವಾದಲ್ಲಿ ದಿನಾ ಮಳೆ ಹನಿಯುತ್ತದೆ, ಆದರೆ ಗುಡುಗು ಅಪರೂಪ. ಗುಂಡನಿಗೆ ಈ ಊರು ಒಗ್ಗಿದೆ.

ಮೊನ್ನೆ ಅಂಕಲ್ ಫೋನ್ ಮಾಡಿದ್ದರು. ಬೆಕ್ಕು ಮನೆಗೆ ಬಂದಿದೆಯಂತೆ, ಮಗಳ ಹಾಸಿಗೆ ಬಿಟ್ಟು ಇಳಿಯುತ್ತಿಲ್ಲವಂತೆ. ನಾಯಿಗಳನ್ನೂ ಕರೆದುಕೊಂಡು ಬಾ, ಅಂಗಳ ದೊಡ್ಡದಿದೆ ಎಂದರು. ಇಷ್ಟು ದಿನ ಜಾಲರಿಯೊಳಗಿದ್ದ ಬೆಕ್ಕಿನ ಮುಂದೆ ನಾಯಿಗಳನ್ನು ತಂದು ನಿಲ್ಲಿಸುವುದು ಬೇಡ ಅಂದೆ. ಭಾನುವಾರ ನಾವಿಬ್ಬರೇ ಹೋಗುತ್ತೇವೆ. ಆಂಟಿಗೆ ಈಗ ಖಾರ ಆಗುವುದಿಲ್ಲವಂತೆ, ಅದಕ್ಕೆ ಬೆಣ್ಣೆ ಹಾಕಿದ ಸಪ್ಪೆ ಚಕ್ಕುಲಿ ಮಾಡುತ್ತಿದ್ದೇನೆ.