ಬೆಟ್ಟ ಇಳಿದು ಮಾಡಿದ ಫೋನ್

ಬಿಸಿಲು ಬಿದ್ದರೆ ಶ್ರವಣಬೆಳಗೊಳದ ವಿಂಧ್ಯಗಿರಿಯ ಬಂಡೆ ಬೇಗ ಕಾಯುತ್ತದೆ. ಬರಿಗಾಲಲ್ಲೇ ಹತ್ತಬೇಕು. ಕೆಳಗೆ ಅಂಗಡಿಯವರು ಕಾಲುಚೀಲ ತಗೊಳ್ಳಿ ಅಂದಾಗ ಬೇಡ ಅಂದಿದ್ದೆ. ಆರುನೂರು ಚಿಲ್ಲರೆ ಮೆಟ್ಟಿಲು. ಅರ್ಧ ದಾರಿಯಲ್ಲಿ ಅಂಗಾಲು ಚುರ್ ಅಂದಾಗ ನನ್ನ ಹಟಕ್ಕೆ ನನಗೇ ನಗು ಬಂತು.

ಅವತ್ತು ಕ್ಷಮಾವಾಣಿ. ನಮ್ಮ ಜೈನರ ದಶಲಕ್ಷಣ ಪರ್ವದ ಹತ್ತು ದಿನ ಶುರುವಾಗುವುದೇ ಉತ್ತಮ ಕ್ಷಮೆಯಿಂದ. ಎಲ್ಲ ಮುಗಿದ ಮೇಲೂ ಮತ್ತೆ ಕ್ಷಮೆಯೇ. ಗೊತ್ತಿದ್ದೋ ಗೊತ್ತಿಲ್ಲದೆಯೋ ತಪ್ಪಾಗಿದ್ದರೆ ಕ್ಷಮಿಸಿ ಅಂತ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತೇವೆ. ಈಗೆಲ್ಲ ವಾಟ್ಸಾಪ್‌ನಲ್ಲಿ ಕೈಮುಗಿದ ಚಿತ್ರ ಬರುತ್ತದೆ, ಜಗಳವೇ ಆಡದವರಿಂದ ಜಾಸ್ತಿ!

ದೊಡ್ಡಮ್ಮನ ಮಗ, ನಮ್ಮಣ್ಣ, ಐದು ವರ್ಷದಿಂದ ಪ್ರತಿ ಕ್ಷಮಾವಾಣಿಗೂ ಫೋನ್ ಮಾಡುತ್ತಿದ್ದ. ನಾನು ಎತ್ತುತ್ತಿರಲಿಲ್ಲ. ನನ್ನ ತಮ್ಮ ಹೋದ ರಾತ್ರಿ ಕಾರು ಓಡಿಸುತ್ತಿದ್ದವನು ಅವನು. ಒಂದು ಗಳಿಗೆ ಕಣ್ಣು ಹತ್ತಿತ್ತಂತೆ. ತಮ್ಮ ಮುಂದೆ ಕೂತಿದ್ದ, ನಾನು ಹಿಂದೆ. ಇವತ್ತಿಗೂ ಬಸ್ಸು ಜೋರಾಗಿ ಬ್ರೇಕ್ ಹಾಕಿದರೆ ಎದುರಿನ ಕಂಬಿ ಹಿಡಿದ ಕೈ ಬಿಡಿಸಿಕೊಳ್ಳುವುದಕ್ಕೆ ನನಗೆ ಹೊತ್ತು ಹಿಡಿಯುತ್ತದೆ.

ಮೇಲೆ ಗೊಮ್ಮಟ. 58 ಅಡಿ. ಚಾವುಂಡರಾಯ ಮಾಡಿಸಿ ಸಾವಿರ ವರ್ಷ ದಾಟಿದೆ. ಎಲ್ಲರೂ ಆ ಮುಖ ನೋಡುತ್ತಾರೆ. ನಾನು ಅವತ್ತು ಕಾಲು ನೋಡುತ್ತ ಕೂತೆ. ಪಕ್ಕದಲ್ಲಿ ಹುತ್ತ, ಅದರಿಂದ ತಲೆ ಹೊರಹಾಕಿದ ಹಾವುಗಳು, ತೊಡೆಗೂ ತೋಳಿಗೂ ಸುತ್ತಿಕೊಂಡ ಬಳ್ಳಿ. ಮಲ್ಲಯುದ್ಧದಲ್ಲಿ ಅಣ್ಣ ಭರತನನ್ನು ಎತ್ತಿ ಹಿಡಿದಿದ್ದ ಬಾಹುಬಲಿ. ಬಿಸಾಡಲಿಲ್ಲ, ಇಳಿಸಿದ. ಅಣ್ಣ ತನ್ನ ಮೇಲೆ ಚಕ್ರವನ್ನೇ ಬಿಟ್ಟರೂ ರಾಜ್ಯ ಒಪ್ಪಿಸಿ ಹೊರಟುಹೋದ. ಕಥೆ ಅಲ್ಲಿಗೇ ಮುಗಿಯಬೇಕಿತ್ತು, ಅಲ್ವಾ? ಒಂದು ವರ್ಷ ನಿಂತೇ ತಪಸ್ಸು ಮಾಡಿದರೂ ಕೇವಲಜ್ಞಾನ, ಅಂದರೆ ಎಲ್ಲವನ್ನೂ ಅರಿಯುವ ಜ್ಞಾನ, ಆಗಲಿಲ್ಲ. ನಿಂತಿರುವುದು ಅಣ್ಣನ ನೆಲದ ಮೇಲೆ ಅನ್ನುವ ಒಂದು ಮುಳ್ಳು ಒಳಗೇ ಉಳಿದಿತ್ತು ಅಂತ ಅಜ್ಜಿ ಹೇಳುತ್ತಿದ್ದರು. ಭರತನೇ ಬಂದು ಕಾಲಿಗೆರಗಿದ ಮೇಲೆ ಅದು ಹೋಯಿತಂತೆ.

ನನ್ನ ಭರತ ಐದು ಸಲ ಬಂದು ಬಾಗಿಲಲ್ಲೇ ನಿಂತು ವಾಪಸ್ ಹೋಗಿದ್ದ.

ಪಕ್ಕದಲ್ಲಿ ಯಾರೋ ಅಜ್ಜ 'ಖಮ್ಮಾಮಿ ಸವ್ವಜೀವಾಣಂ, ಸವ್ವೇ ಜೀವಾ ಖಮಂತು ಮೇ' ಅನ್ನುತ್ತಿದ್ದರು. ಎಲ್ಲ ಜೀವಿಗಳನ್ನೂ ಕ್ಷಮಿಸುತ್ತೇನೆ, ಅವೂ ನನ್ನನ್ನು ಕ್ಷಮಿಸಲಿ. ಚಿಕ್ಕಂದಿನಿಂದ ಬಾಯಿಪಾಠ. ಎರಡನೇ ಅರ್ಧ ನನಗೂ ಸೇರಿದ್ದು ಅಂತ ಯಾವತ್ತೂ ಅನ್ನಿಸಿರಲಿಲ್ಲ. ಆ ರಾತ್ರಿ ಅಣ್ಣ, "ನಿದ್ದೆ ಬರ್ತಿದೆ, ಇಲ್ಲೇ ಉಳಿದು ಬೆಳಿಗ್ಗೆ ಹೋಗೋಣ" ಅಂದಿದ್ದ. ಬೆಳಿಗ್ಗೆ ಡ್ಯೂಟಿ ಇದೆ, ಈಗಲೇ ಹೊರಡೋಣ ಅಂತ ಹಟ ಹಿಡಿದವಳು ನಾನು. ಇದನ್ನು ಅವನು ಯಾರ ಹತ್ತಿರವೂ ಹೇಳಿಲ್ಲ. ನಾನೂ ಹೇಳಿರಲಿಲ್ಲ.

ಕೆಳಗಿಳಿದು ಕಲ್ಯಾಣಿಯ ಹತ್ತಿರ ನಿಂತು ಫೋನ್ ಮಾಡಿದೆ. ಹೇಳಬೇಕು ಅಂದುಕೊಂಡಿದ್ದು ಯಾವುದೂ ಬಾಯಿಗೆ ಬರಲಿಲ್ಲ.

"ಅಣ್ಣಾ, ಮನೆಗೆ ಬಾ. ರಾತ್ರಿ ಹೊತ್ತು ಓಡಿಸಬೇಡ."

ಆ ಕಡೆ ತುಂಬ ಹೊತ್ತು ಸದ್ದಿಲ್ಲ.

"ಅವತ್ತಿಂದ ನಾನು ಗಾಡಿ ಮುಟ್ಟಿಲ್ಲ ಕಣೇ," ಅಂದ. "ಬಸ್ಸಲ್ಲಿ ಬರ್ತೀನಿ."