ಮುಚ್ಚಿಡಿ, ಪರವಾಗಿಲ್ಲ. ಸುಳ್ಳು ಹೇಳಬೇಡಿ

ಕಥೆ ಹೇಳುವವರು ನನ್ನಿಂದ ಏನನ್ನಾದರೂ ಮುಚ್ಚಿಟ್ಟರೆ ಬೇಜಾರಿಲ್ಲ. ಸುಳ್ಳು ಹೇಳಿದರೆ ಮಾತ್ರ ಸಿಟ್ಟು ಬರುತ್ತದೆ. ಎರಡೂ ಒಂದೇ ಅಲ್ವಾ ಅಂತ ಗೆಳತಿಯೊಬ್ಬಳು ಕೇಳಿದಳು. ಖಂಡಿತ ಅಲ್ಲ.

ಅಗಾಥಾ ಕ್ರಿಸ್ಟಿ 1926ರಲ್ಲಿ ಬರೆದ 'ದ ಮರ್ಡರ್ ಆಫ್ ರೋಜರ್ ಆಕ್ರಾಯ್ಡ್' ಪತ್ತೇದಾರಿ ಕಾದಂಬರಿ ನೋಡಿ. (ಓದಿಲ್ಲದವರು ಈ ಪ್ಯಾರಾ ಬಿಟ್ಟುಬಿಡಿ, ಗುಟ್ಟು ಹೊರಬೀಳುತ್ತದೆ.) ಕಥೆ ಹೇಳುತ್ತಿರುವ ಡಾಕ್ಟರೇ ಕೊಲೆಗಾರ. ಆ ರಾತ್ರಿಯ ಬಗ್ಗೆ ಅವನು ಹೇಳುವುದಿಷ್ಟು: ಎಂಟು ನಲವತ್ತಕ್ಕೆ ಪತ್ರ ಬಂತು, ಎಂಟು ಐವತ್ತಕ್ಕೆ ಆಕ್ರಾಯ್ಡ್‌ನನ್ನು ಬಿಟ್ಟು ನಾನು ಹೊರಟೆ, ಬಾಗಿಲ ಹಿಡಿಯ ಮೇಲೆ ಕೈಯಿಟ್ಟು ಹಿಂತಿರುಗಿ ನೋಡಿದೆ, ಇನ್ನೇನಾದರೂ ಮಾಡುವುದು ಉಳಿದಿದೆಯಾ ಅಂತ ಯೋಚಿಸಿದೆ. ಮೊದಲ ಓದಿಗೆ ಇದು ಡಾಕ್ಟರೊಬ್ಬನ ಕಾಳಜಿ. ಕೊನೆ ಗೊತ್ತಾದ ಮೇಲೆ ಓದಿದರೆ ಮೈ ಜುಮ್ಮೆನ್ನುತ್ತದೆ. ನಡುವಿನ ಹತ್ತು ನಿಮಿಷ ಎಲ್ಲಿ ಹೋಯಿತು? ಅದನ್ನು ಅವನು ಹೇಳಲೇ ಇಲ್ಲ. ಆದರೆ ಹೇಳಿದ್ದೆಲ್ಲ ನಿಜ. ನಾನಂತೂ ಆ ಪುಟವನ್ನು ಈಗಲೂ ಆಸೆಯಿಂದ ಓದುತ್ತೇನೆ.

ಹಿಚ್‌ಕಾಕ್ ಅವರ 1950ರ 'ಸ್ಟೇಜ್ ಫ್ರೈಟ್' ಸಿನಿಮಾ ಹಾಗಲ್ಲ. ಶುರುವಿನಲ್ಲೇ ಒಬ್ಬ ಯುವಕ ನಡೆದದ್ದನ್ನು ಗೆಳತಿಗೆ ಹೇಳುತ್ತಾನೆ, ನಮಗೆ ಅದು ತೆರೆಯ ಮೇಲೆ ಕಾಣುತ್ತದೆ. ಅದು ಕಟ್ಟುಕಥೆ ಅಂತ ಕೊನೆಗೆ ತಿಳಿಯುತ್ತದೆ. ಪಾತ್ರ ಬಾಯಲ್ಲಿ ಸುಳ್ಳು ಹೇಳಿದರೆ ನಾವು ಹುಷಾರಾಗಿರುತ್ತೇವೆ. ಕ್ಯಾಮೆರಾ ತೋರಿಸಿದ್ದನ್ನು ಕಣ್ಣಾರೆ ಕಂಡಿದ್ದೇವೆ, ಅನುಮಾನ ಪಡುವುದು ಹೇಗೆ? ಹಾಗೆ ಮಾಡಬಾರದಿತ್ತು ಅಂತ ಹಿಚ್‌ಕಾಕ್ ಅವರೇ ಮುಂದೆ ಫ್ರೆಂಚ್ ನಿರ್ದೇಶಕ ತ್ರೂಫೋ ಅವರ ಹತ್ತಿರ ಒಪ್ಪಿಕೊಂಡರು.

ಮುಚ್ಚಿಡದೆ ಮೊದಲೇ ತೋರಿಸಿದರೆ ಏನಾಗುತ್ತದೆ ಅನ್ನುವುದಕ್ಕೆ ಅದೇ ಹಿಚ್‌ಕಾಕ್ ಮೇಜಿನ ಕೆಳಗಿನ ಬಾಂಬಿನ ಉದಾಹರಣೆ ಕೊಟ್ಟಿದ್ದರು. ಬಾಂಬು ಏಕಾಏಕಿ ಸಿಡಿದರೆ 15 ಸೆಕೆಂಡು ಬೆಚ್ಚಿಬೀಳುತ್ತೇವೆ. ಅದು ಇದೆ ಅಂತ ಮೊದಲೇ ತೋರಿಸಿದರೆ 15 ನಿಮಿಷ ಚಡಪಡಿಸುತ್ತೇವೆ. ಮೇಜಿನ ಸುತ್ತ ಕೂತವರು ಸುಮ್ನೆ ಏನೋ ಹರಟುತ್ತಿರುತ್ತಾರೆ. ನಮಗೆ ಮಾತ್ರ 'ಎದ್ದು ಓಡಿ' ಅಂತ ಕೂಗಬೇಕು ಅನ್ನಿಸುತ್ತದೆ. ಗುಟ್ಟನ್ನು ನಮ್ಮ ಕೈಗೆ ಕೊಟ್ಟದ್ದಕ್ಕೇ ಆ ಕೂತವರು ನಮ್ಮವರಾದರು. ನನಗೆ ಅಚ್ಚರಿಗಿಂತ ಈ ಚಡಪಡಿಕೆಯೇ ಜಾಸ್ತಿ ಇಷ್ಟ.

'ಅದೆಲ್ಲ ಕನಸು' ಅಂತ ಮುಗಿಯುವ ಕಥೆಗಳ ಮೇಲೆ ನನಗಿರುವ ಕೋಪವೂ ಇಂಥ ಸುಳ್ಳಿಗೇ. ಪಾತ್ರ ಸತ್ತಿತು ಅಂತ ನಂಬಿ ನಿಜವಾಗಿ ಅತ್ತಿರುತ್ತೇವೆ. ಆಮೇಲೆ ಅದೇ ಲೇಖಕರು ಇನ್ನೊಬ್ಬರನ್ನು ಸಾಯಿಸಿದಾಗ ಅಳು ಬರುವುದಿಲ್ಲ. ಎದ್ದು ಬರಬಹುದೇನೋ ಅಂತ ಪುಟ ತಿರುಗಿಸುತ್ತೇವೆ.